ಸೆಷನ್‌ನಲ್ಲಿಟ್ಟ ಸದಸ್ಯ ಸಂಖ್ಯೆ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಮದ್ದೂರು ತಾಲ್ಲೂಕಿನ ನಮ್ಮ ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಬಳಸಿ ಹಾಲಿನ ಲೆಕ್ಕದ ತಂತ್ರಾಂಶವೊಂದನ್ನು ನಾನೇ ಬರೆದುಕೊಟ್ಟಿದ್ದೇನೆ. ಸದಸ್ಯರೊಬ್ಬರ ಪುಟ ತೆರೆದಾಗ ಅವರ ಸದಸ್ಯ ಸಂಖ್ಯೆಯನ್ನು ಸೆಷನ್ ವೇರಿಯಬಲ್‌ನಲ್ಲಿ, ಅಂದರೆ ಒಂದು ಪುಟದಿಂದ ಇನ್ನೊಂದಕ್ಕೆ ಸರ್ವರು ನೆನಪಿಡುವ ಜಾಗದಲ್ಲಿ, ಇಡುತ್ತೇನೆ. ಲೀಟರು, ಫ್ಯಾಟು ನಮೂದಿಸಿ ಉಳಿಸುವಾಗ ಅದನ್ನು ಓದಿಕೊಳ್ಳುತ್ತೇನೆ. ಮನೆಯ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿತ್ತು. ಬಾಡಿಗೆ ಸರ್ವರಿಗೆ ಹಾಕಿದ ಮೇಲೆ ಕೆಲವು ಪುಟಗಳಲ್ಲಿ ಲಾಗಿನ್ ನಿಲ್ಲುತ್ತಿಲ್ಲ. ಕೆಲಸದ ನಡುವೆ ಆಪರೇಟರು ಇದ್ದಕ್ಕಿದ್ದಂತೆ ಹೊರಬೀಳುತ್ತಾರೆ. ಡೇಟಾಬೇಸಿನಲ್ಲಿ ಸದಸ್ಯ ಸಂಖ್ಯೆ 0 ಎಂದಿರುವ ಸಾಲುಗಳು ಸಿಗುತ್ತಿವೆ. ಎರಡು ಸಲ ಒಬ್ಬರ ಹಾಲು ಮತ್ತೊಬ್ಬರ ಖಾತೆಗೆ ಹೋಗಿದೆ. ಬಟವಾಡೆ ಪಟ್ಟಿ ತೆಗೆಯುವಾಗ ಉಳಿದ ಪುಟಗಳು ಅಲುಗಾಡದೆ ನಿಂತುಬಿಡುತ್ತವೆ. ಸೆಷನ್ ವೇರಿಯಬಲ್‌ಗಳನ್ನು ನಂಬಬಹುದೇ?

ಉತ್ತರ: ನೀವು ಕಳುಹಿಸಿದ ಕೋಡನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಹೇಳಿರುವ ತೊಂದರೆಗಳೆಲ್ಲ ಒಂದೇ ಕಾಯಿಲೆಯ ಲಕ್ಷಣಗಳಂತೆ ಕಂಡರೂ ಅವುಗಳ ಕಾರಣಗಳು ಬೇರೆ ಬೇರೆ. ಅವುಗಳಲ್ಲಿ ಒಂದು ನಿಮ್ಮ ವಿನ್ಯಾಸದ ತಪ್ಪು. ಉಳಿದವು ಕೋಡಿನ ಲೋಪಗಳಿಗೂ ಸರ್ವರಿನ ವ್ಯವಸ್ಥೆಗೂ ಸೇರಿದವು. ವಿನ್ಯಾಸದ ತಪ್ಪನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ರೈತರ ದುಡ್ಡು ಮತ್ತೊಬ್ಬರ ಖಾತೆಗೆ ಹೋಗುತ್ತಿರುವುದು ಅದರಿಂದ, ಮತ್ತು ಸರ್ವರನ್ನು ಎಷ್ಟು ಚೆನ್ನಾಗಿ ಸರಿಪಡಿಸಿದರೂ ಅದು ಹಾಗೆಯೇ ಉಳಿಯುತ್ತದೆ.

ಬ್ರೌಸರು ಸರ್ವರಿನಿಂದ ಪುಟ ಕೇಳಿ ಪಡೆಯುವ ಎಚ್‌ಟಿಟಿಪಿ ಎಂಬ ವ್ಯವಸ್ಥೆಗೆ ನೆನಪಿಲ್ಲ. ಒಂದು ಪುಟ ಕೇಳಿ ಪಡೆದವರು ಮರುಕ್ಷಣ ಇನ್ನೊಂದು ಪುಟ ಕೇಳಿದರೆ ಇಬ್ಬರೂ ಒಬ್ಬರೇ ಎಂದು ಸರ್ವರಿಗೆ ತಾನಾಗಿ ತಿಳಿಯುವುದಿಲ್ಲ. ಈ ಕೊರತೆಯನ್ನು ತುಂಬಲು 1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಲೂ ಮೊಂಟುಲ್ಲಿ, ಬ್ರೌಸರಿನಲ್ಲಿ ಪುಟ್ಟ ಗುರುತೊಂದನ್ನು ಇಡುವ ಕುಕೀ ಎಂಬ ಉಪಾಯವನ್ನು ತಂದರು. ಸೆಷನ್ ನಿಂತಿರುವುದು ಅದರ ಮೇಲೆ. ಮೈಸೂರು ಅರಮನೆ ನೋಡಲು ಹೋದವರು ಹೊರಗೆ ಚಪ್ಪಲಿ ಬಿಟ್ಟು ಟೋಕನ್ ಪಡೆಯುವುದನ್ನು ನೆನೆಯಿರಿ. ಸ್ಟ್ಯಾಂಡಿನವರಿಗೆ ನಿಮ್ಮ ಮುಖದ ಪರಿಚಯವಿಲ್ಲ, ಟೋಕನ್ನಿನ ಪರಿಚಯ ಮಾತ್ರ ಇದೆ. ಬ್ರೌಸರಿನ ಕುಕೀಯಲ್ಲಿರುವ ಸೆಷನ್ ಐಡಿ ಆ ಟೋಕನ್. ನೀವು ಸೆಷನ್‌ನಲ್ಲಿಟ್ಟ ಮೌಲ್ಯಗಳೆಲ್ಲ ಸರ್ವರಿನ ಒಂದು ಫೈಲಿನಲ್ಲಿ ಕುಳಿತಿರುತ್ತವೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಒಂದು ಬ್ರೌಸರಿನಲ್ಲಿ ಎಷ್ಟು ಟ್ಯಾಬ್ ತೆರೆದರೂ ಟೋಕನ್ ಒಂದೇ.

ಈಗ ನಿಮ್ಮ ಸಂಘದ ಬೆಳಗಿನ ಹೊತ್ತನ್ನು ನೋಡೋಣ. 6 ಗಂಟೆ 40 ನಿಮಿಷ. 214ನೇ ಸದಸ್ಯರು ಹಾಲು ತಂದಿದ್ದಾರೆ. ಆಪರೇಟರು ಅವರ ಪುಟ ತೆರೆಯುತ್ತಾರೆ, ಸೆಷನ್‌ನಲ್ಲಿ 214 ಎಂದು ದಾಖಲಾಗುತ್ತದೆ. ಫ್ಯಾಟ್ ಯಂತ್ರದ ಅಂಕಿ ಬರಲು ಕೊಂಚ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಸಾಲಿನಲ್ಲಿ ಹಿಂದೆ ನಿಂತಿದ್ದ 87ನೇ ಸದಸ್ಯರು ನಿನ್ನೆ ಸಂಜೆಯ ಚೀಟಿ ತೋರಿಸಿ ತಮ್ಮ ಲೀಟರು ಸರಿಯಾಗಿ ಏರಿದೆಯೇ ಎಂದು ಕೇಳುತ್ತಾರೆ. ಆಪರೇಟರು ಇನ್ನೊಂದು ಟ್ಯಾಬಿನಲ್ಲಿ 87ರ ಪುಟ ತೆರೆದು ನೋಡಿ ಸರಿಯಾಗಿದೆ ಎಂದು ಹೇಳಿ, ಮೊದಲ ಟ್ಯಾಬಿಗೆ ಮರಳಿ, ಐದೂವರೆ ಲೀಟರ್ ಎಂದು ಬರೆದು ಉಳಿಸು ಎಂಬ ಗುಂಡಿ ಒತ್ತುತ್ತಾರೆ. ಅವರ ಕಣ್ಣ ಮುಂದಿನ ಪರದೆಯಲ್ಲಿ 214 ಎಂದೇ ಇದೆ, ಆ ಸದಸ್ಯರ ಹೆಸರೂ ಇದೆ. ಆದರೆ ಸರ್ವರಿನ ಫೈಲಿನಲ್ಲಿ 214ನ್ನು ಅಳಿಸಿ 87 ಬಂದು ಕುಳಿತಾಗಿದೆ. ಐದೂವರೆ ಲೀಟರು 87ರ ಖಾತೆಗೆ ಹೋಗುತ್ತದೆ. ಆಪರೇಟರು ತಪ್ಪು ಮಾಡಿಲ್ಲ, ಪಿಎಚ್‌ಪಿಯೂ ತಪ್ಪು ಮಾಡಿಲ್ಲ. ಎರಡು ಟ್ಯಾಬುಗಳು ಹಂಚಿಕೊಳ್ಳುವ ಜಾಗದಲ್ಲಿ ಒಂದು ಟ್ಯಾಬಿಗೆ ಮಾತ್ರ ಸೇರಿದ ಸಂಗತಿಯನ್ನು ಇಟ್ಟಿದ್ದು ತಪ್ಪು.

ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಮೈಸೂರಿನ ಒಂದು ಶಿಕ್ಷಣ ಸಂಸ್ಥೆಗೆ ಶುಲ್ಕ ಪಾವತಿಯ ತಂತ್ರಾಂಶ ಬರೆದಿದ್ದೆ. ಒಬ್ಬ ತಾಯಿ ಕೈಯಲ್ಲಿ ರಸೀದಿ ಹಿಡಿದು ಬಂದು, ದುಡ್ಡು ಕಟ್ಟಿದ್ದೇನೆ, ರಸೀದಿಯಲ್ಲಿ ಬೇರೆ ಹುಡುಗನ ಹೆಸರಿದೆ ಎಂದು ಹೇಳಿದಾಗ ಇಡೀ ದಿನ ಹುಡುಕಿದರೂ ಕಾರಣ ಸಿಗಲಿಲ್ಲ, ಏಕೆಂದರೆ ನಾನು ಒಂದೇ ಟ್ಯಾಬ್ ತೆರೆದು ಪರೀಕ್ಷಿಸುತ್ತಿದ್ದೆ. ಮರುದಿನ ಕೌಂಟರಿನಲ್ಲಿ ಗುಮಾಸ್ತರ ಪಕ್ಕದಲ್ಲಿ ಕುಳಿತಾಗಲೇ ಅವರು ನಾಲ್ಕು ಟ್ಯಾಬುಗಳನ್ನು ಒಟ್ಟಿಗೆ ಇಟ್ಟುಕೊಳ್ಳುತ್ತಾರೆಂದು ತಿಳಿದದ್ದು. ಅಂದಿನಿಂದ ಸೆಷನ್‌ನಲ್ಲಿ ಏನಿಡಬೇಕು ಎಂಬ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟಾಗಿದ್ದೇನೆ.

ಕಂಪ್ಯೂಟರಿನ ಮುಂದೆ ಕುಳಿತಿರುವವರು ಯಾರು, ಅವರಿಗೆ ಯಾವ ಅಧಿಕಾರವಿದೆ ಎಂಬುದು ಸೆಷನ್‌ಗೆ ಸೇರಿದ್ದು; ಎಲ್ಲ ಟ್ಯಾಬುಗಳಿಗೂ ಅದು ಒಂದೇ ಆಗಿರುತ್ತದೆ. ಅವರು ಈಗ ಯಾರ ಲೆಕ್ಕ ಬರೆಯುತ್ತಿದ್ದಾರೆ ಎಂಬುದು ಆ ಪುಟಕ್ಕೆ ಸೇರಿದ್ದು, ಅದು ಆ ಪುಟದ ಫಾರಂ ಜೊತೆಯಲ್ಲೇ ಹೋಗಬೇಕು. ಆದ್ದರಿಂದ ಸದಸ್ಯ ಸಂಖ್ಯೆಯನ್ನು ಸೆಷನ್‌ನಿಂದ ತೆಗೆದು ಫಾರಂನಲ್ಲಿ ಪರದೆಗೆ ಕಾಣದ ಹಿಡನ್ ಫೀಲ್ಡ್‌ನಲ್ಲಿ ಇಡಿ. ಹಿಡನ್ ಫೀಲ್ಡನ್ನು ಬಳಕೆದಾರರು ತಿದ್ದಬಹುದಲ್ಲವೇ ಎಂಬ ಅಂಜಿಕೆಯಿಂದಲೇ ನೀವು ಸೆಷನ್ ಹಿಡಿದಿರಿ ಎಂದು ನಿಮ್ಮ ಕೋಡಿನ ಟಿಪ್ಪಣಿಯಿಂದ ತಿಳಿಯುತ್ತದೆ. ಅಂಜಿಕೆ ಸರಿಯಾದುದೇ, ಪರಿಹಾರ ಮಾತ್ರ ಬೇರೆ ಕಡೆ ಇದೆ. ಫಾರಂನಿಂದ ಬಂದ ಸಂಖ್ಯೆಯನ್ನು ಸರ್ವರು ಪ್ರತಿ ಸಲವೂ ಪರಿಶೀಲಿಸಬೇಕು: ಈ ಸಂಖ್ಯೆಯ ಸದಸ್ಯರು ಸಂಘದಲ್ಲಿ ಇದ್ದಾರೆಯೇ, ಸೆಷನ್‌ನಲ್ಲಿರುವ ಆಪರೇಟರಿಗೆ ಅವರ ಲೆಕ್ಕ ಬರೆಯುವ ಅಧಿಕಾರ ಇದೆಯೇ? ಎರಡಕ್ಕೂ ಡೇಟಾಬೇಸು ಹೌದು ಎಂದರೆ ಮಾತ್ರ ನಮೂದು ಉಳಿಯಬೇಕು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಕೆಲಸವಿದೆ. ಹಳ್ಳಿಯ ಮೊಬೈಲ್ ನೆಟ್‌ವರ್ಕಿನಲ್ಲಿ ಉತ್ತರ ತಡವಾದಾಗ ಆಪರೇಟರು ಗುಂಡಿಯನ್ನು ಎರಡು ಸಲ ಒತ್ತುತ್ತಾರೆ, ನಮೂದೂ ಎರಡಾಗುತ್ತದೆ. ಫಾರಂ ತಯಾರಿಸುವಾಗ ಪ್ರತಿ ಫಾರಂಗೂ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಹುಟ್ಟಿಸಿ ಜೊತೆಗೆ ಕಳುಹಿಸಿ. ಟೇಬಲಿನಲ್ಲಿ ಆ ಕಾಲಮ್ಮಿಗೆ ಯೂನಿಕ್ ಎಂಬ ನಿಬಂಧನೆ ಹಾಕಿ. ಅದೇ ಫಾರಂ ಎರಡನೆಯ ಸಲ ಬಂದರೆ ಡೇಟಾಬೇಸೇ ತಡೆಯುತ್ತದೆ. ದಿನಾಂಕ, ಹೊತ್ತು, ಸದಸ್ಯ ಸಂಖ್ಯೆ ಈ ಮೂರನ್ನು ಸೇರಿಸಿ ಯೂನಿಕ್ ಮಾಡಬೇಡಿ. ಮನೆಗೆ ಹೋಗಿ ಇನ್ನೊಂದು ಹಸುವಿನ ಹಾಲು ಕರೆದು ತಂದ ಸದಸ್ಯರ ನ್ಯಾಯವಾದ ಎರಡನೆಯ ನಮೂದೂ ಅದರಿಂದ ತಪ್ಪಿಹೋಗುತ್ತದೆ.

ಸದಸ್ಯ ಸಂಖ್ಯೆ 0 ಎಂಬ ಸಾಲುಗಳ ವಿಷಯ. ಪಿಎಚ್‌ಪಿಯಲ್ಲಿ ಇಲ್ಲದ ಸೆಷನ್ ವೇರಿಯಬಲನ್ನು ಓದಿದರೆ ಪ್ರೋಗ್ರಾಂ ನಿಲ್ಲುವುದಿಲ್ಲ. ನಲ್ ಎಂಬ ಬರಿದು ಮೌಲ್ಯ ಕೈಗೆ ಬರುತ್ತದೆ, ಅದನ್ನು ಪೂರ್ಣಾಂಕಕ್ಕೆ ಬದಲಿಸಿದರೆ 0 ಆಗುತ್ತದೆ. 8.0ನೇ ಆವೃತ್ತಿಗೆ ಮುಂಚೆ ಇದಕ್ಕೆ ಬರುತ್ತಿದ್ದುದು ನೋಟಿಸ್ ಎಂಬ ಸಣ್ಣ ಸೂಚನೆ, ಈಗ ಬರುವುದು ವಾರ್ನಿಂಗ್. ಎರಡೂ ಪ್ರೋಗ್ರಾಮನ್ನು ತಡೆಯುವುದಿಲ್ಲ. ನಿಮ್ಮ ಉಳಿಸುವ ಪುಟದಲ್ಲಿ, ಮೌಲ್ಯ ಇದೆಯೇ ಎಂದು ನೋಡುವ ಇಸ್‌ಸೆಟ್ ಪರೀಕ್ಷೆ ಇಲ್ಲ. ಆಪರೇಟರ ಸೆಷನ್ ಮುಗಿದುಹೋಗಿದ್ದಾಗ ಒತ್ತಿದ ಪ್ರತಿ ಗುಂಡಿಯೂ 0ರ ಖಾತೆಗೆ ಹಾಲು ಹಾಕಿದೆ. ಲಾಗಿನ್ ಪರೀಕ್ಷೆ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಆದರೆ ಅದರಲ್ಲೊಂದು ದೊಡ್ಡ ಬಿರುಕಿದೆ: ಲಾಗಿನ್ ಆಗಿಲ್ಲದವರನ್ನು ಲೊಕೇಶನ್ ಹೆಡರ್ ಮೂಲಕ ಲಾಗಿನ್ ಪುಟಕ್ಕೆ ಕಳುಹಿಸಿದ ಮೇಲೆ ನೀವು ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುವ ಎಕ್ಸಿಟ್ ಎಂಬ ಆಜ್ಞೆ ಬರೆದಿಲ್ಲ. ಆ ಹೆಡರ್ ಬ್ರೌಸರಿಗೆ ಕೊಟ್ಟ ಸೂಚನೆ ಮಾತ್ರ. ಸರ್ವರಿನಲ್ಲಿ ಪ್ರೋಗ್ರಾಂ ಕೊನೆಯ ಸಾಲಿನವರೆಗೂ ಓಡುತ್ತದೆ, ಡೇಟಾಬೇಸಿಗೂ ಬರೆಯುತ್ತದೆ. ಲಾಗಿನ್ ಆಗದ ಹೊರಗಿನವರೂ ಇದೇ ದಾರಿಯಲ್ಲಿ ನಿಮ್ಮ ಲೆಕ್ಕಕ್ಕೆ ಕೈಹಾಕಬಹುದಾದ್ದರಿಂದ, ಬೇರೆ ಎಲ್ಲಕ್ಕಿಂತ ಮೊದಲು, ಇವತ್ತೇ, ಪ್ರತಿ ಲೊಕೇಶನ್ ಹೆಡರಿನ ಮುಂದಿನ ಸಾಲಿನಲ್ಲಿ ಎಕ್ಸಿಟ್ ಬರೆಯಿರಿ. ನಂತರ ಸೆಷನ್ ಶುರು ಮಾಡುವ, ಲಾಗಿನ್ ಪರೀಕ್ಷಿಸುವ, ಮೌಲ್ಯ ಓದುವ ಕೆಲಸವನ್ನು ಒಂದೇ ಫೈಲಿಗೆ ತಂದು ಎಲ್ಲ ಪುಟಗಳೂ ಅದನ್ನೇ ಕರೆಯುವಂತೆ ಮಾಡಿ. ಬೇಕಾದ ಮೌಲ್ಯ ಇಲ್ಲದಿದ್ದರೆ ಆ ಫೈಲು ಕೆಲಸವನ್ನು ಅಲ್ಲೇ ನಿಲ್ಲಿಸಬೇಕು. 0 ಎಂದೋ ಬರಿದು ಎಂದೋ ಊಹಿಸಿಕೊಂಡು ಮುಂದೆ ಹೋಗಬಾರದು.

ಇನ್ನು ಸೆಷನ್ ನಡುವೆ ಮುಗಿದುಹೋಗುವುದು ಏಕೆ? ಪಿಎಚ್‌ಪಿಯಲ್ಲಿ ಸೆಷನ್‌ನ ಗರಿಷ್ಠ ಆಯುಸ್ಸಿನ ಪೂರ್ವನಿಗದಿತ ಮೌಲ್ಯ 1440 ಸೆಕೆಂಡು, ಅಂದರೆ 24 ನಿಮಿಷ. ಅಷ್ಟು ಹೊತ್ತು ಮುಟ್ಟದ ಸೆಷನ್ ಫೈಲನ್ನು ಕಸ ಎಂದು ಎಣಿಸಲಾಗುತ್ತದೆ. ಕಸ ಎನಿಸಿದ ಮಾತ್ರಕ್ಕೆ ಅದು ಆ ಕ್ಷಣವೇ ಹೋಗುವುದಿಲ್ಲ. ಪೂರ್ವನಿಗದಿತ ವ್ಯವಸ್ಥೆಯಲ್ಲಿ ಸೆಷನ್ ಶುರುವಾಗುವ 100 ಸಲಗಳಲ್ಲಿ ಸರಾಸರಿ ಒಂದು ಸಲ ಗುಡಿಸುವ ಕೆಲಸ ನಡೆಯುತ್ತದೆ. ಆದ್ದರಿಂದಲೇ ಒಂದು ದಿನ ಗಂಟೆಗಟ್ಟಲೆ ಬಿಟ್ಟು ಬಂದರೂ ಲಾಗಿನ್ ಉಳಿದಿರುತ್ತದೆ, ಇನ್ನೊಂದು ದಿನ ಕ್ಯಾನುಗಳನ್ನು ಲಾರಿಗೆ ಏರಿಸಿ ಟೀ ಕುಡಿದು ಬರುವಷ್ಟರಲ್ಲಿ ಹೋಗಿರುತ್ತದೆ. ಮನೆಯಲ್ಲಿ ನೀವೊಬ್ಬರೇ ಬಳಸುವಾಗ ಗುಡಿಸುವ ಸರದಿ ಬರುವುದೇ ಅಪರೂಪ. ಬಾಡಿಗೆ ಸರ್ವರಿನಲ್ಲಿ ಒಂದೇ ಖಾತೆಯಡಿ ಹಲವು ತಂತ್ರಾಂಶಗಳು ಒಂದೇ ಫೋಲ್ಡರಿನಲ್ಲಿ ಸೆಷನ್ ಫೈಲುಗಳನ್ನು ಇಟ್ಟಿದ್ದರೆ ತೊಂದರೆ ಇನ್ನೂ ಹೆಚ್ಚು: ಗುಡಿಸುವವರು ಫೈಲು ಯಾರದೆಂದು ನೋಡುವುದಿಲ್ಲ. ನೀವು 4 ಗಂಟೆ ಎಂದಿದ್ದರೂ ಪಕ್ಕದ ತಂತ್ರಾಂಶ 24 ನಿಮಿಷ ಎಂದಿದ್ದರೆ ಅದರ ಮಾತೇ ನಡೆಯುತ್ತದೆ.

ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್ ಬಗೆಗಳ ಸರ್ವರುಗಳಲ್ಲಿ ಕ್ರಮ ಬೇರೆ. ಅಲ್ಲಿ ಪಿಎಚ್‌ಪಿ ತಾನಾಗಿ ಗುಡಿಸುವ ಸಂಭವವನ್ನು 0 ಮಾಡಿ, ಅರ್ಧ ಗಂಟೆಗೊಮ್ಮೆ ಓಡುವ ಪ್ರತ್ಯೇಕ ಕಾರ್ಯಕ್ಕೆ ಅದನ್ನು ಒಪ್ಪಿಸಲಾಗಿದೆ. ಆ ಕಾರ್ಯವು ನೋಡುವುದು ಪಿಎಚ್‌ಪಿಯ ಆಯ್ಕೆಗಳನ್ನು ಬರೆದಿಡುವ ಪಿಎಚ್‌ಪಿ ಡಾಟ್ ಐಎನ್‌ಐ ಫೈಲಿನಲ್ಲಿರುವ ಆಯುಸ್ಸನ್ನು. ನೀವು ಮಾಡಿರುವಂತೆ ಸ್ಕ್ರಿಪ್ಟಿನೊಳಗೆ ಐಎನ್‌ಐ ಸೆಟ್ ಮೂಲಕ ಹೆಚ್ಚಿಸಿದ ಆಯುಸ್ಸು ಅದಕ್ಕೆ ಕಾಣುವುದೇ ಇಲ್ಲ. ನಿಮ್ಮ ತಂತ್ರಾಂಶಕ್ಕೆಂದೇ ಒಂದು ಫೋಲ್ಡರನ್ನು, ಬ್ರೌಸರಿಗೆ ನೇರವಾಗಿ ಎಟುಕದ ಜಾಗದಲ್ಲಿ ಮಾಡಿ, ಸೆಷನ್ ಶುರುವಾಗುವ ಮುನ್ನ ಅದನ್ನು ಸೇವ್ ಪಾತ್, ಅಂದರೆ ಸೆಷನ್ ಫೈಲು ಇಡುವ ಜಾಗ, ಎಂದು ಸೂಚಿಸಿ. ಆಯುಸ್ಸನ್ನು 14400 ಸೆಕೆಂಡಿಗೆ ಏರಿಸಿ. ಜಿಸಿ ಪ್ರಾಬಬಿಲಿಟಿ ಎಂಬ ಗುಡಿಸುವ ಸಂಭವದ ಅಂಕಿಯನ್ನು ಮತ್ತೆ 1ಕ್ಕೆ ತನ್ನಿ, ಇಲ್ಲದಿದ್ದರೆ ಆ ಫೋಲ್ಡರನ್ನು ಗುಡಿಸುವವರೇ ಇರುವುದಿಲ್ಲ. ಆಪರೇಟರ ಲಾಗಿನ್ ಎಷ್ಟು ಹೊತ್ತು ಇರಬೇಕು ಎಂಬ ನಿಯಮವನ್ನು ಮಾತ್ರ ಈ ಗುಡಿಸುವಿಕೆಗೆ ಬಿಡಬೇಡಿ. ಕೊನೆಯ ಬಾರಿ ಕೆಲಸ ಮಾಡಿದ ಹೊತ್ತನ್ನು ಸೆಷನ್‌ನಲ್ಲೇ ಬರೆದಿಟ್ಟು, ಪ್ರತಿ ಪುಟದಲ್ಲೂ ಈಗಿನ ಹೊತ್ತಿನೊಡನೆ ಹೋಲಿಸಿ, ಮೀರಿದ್ದರೆ ನೀವೇ ಮುಗಿಸಿರಿ. ಆಗ ಲಾಗಿನ್ ಯಾವಾಗ ಮುಗಿಯುತ್ತದೆಂದು ಆಪರೇಟರಿಗೆ ಖಚಿತವಾಗಿ ಹೇಳಬಹುದು.

ಮನೆಯಲ್ಲಿ ಸರಿ, ಸರ್ವರಿನಲ್ಲಿ ಕೆಲವು ಪುಟಗಳಲ್ಲಿ ಮಾತ್ರ ಲಾಗಿನ್ ನಿಲ್ಲುವುದಿಲ್ಲ ಎಂದಿದ್ದೀರಿ. ಕನ್ನಡದಲ್ಲಿ ತಂತ್ರಾಂಶ ಬರೆಯುವವರಿಗೆ ವಿಶೇಷವಾಗಿ ಎದುರಾಗುವ ತೊಂದರೆ ಇದು. ಸೆಷನ್ ಶುರುವಾಗುವಾಗ ಕುಕೀ ಹೋಗುವುದು ಹೆಡರಿನಲ್ಲಿ. ಹೆಡರುಗಳೆಲ್ಲ ಪುಟದ ಮೊದಲ ಅಕ್ಷರಕ್ಕಿಂತ ಮುಂಚೆ ಹೋಗಬೇಕು. ಕನ್ನಡ ಪದಗಳಿರುವ ಫೈಲುಗಳನ್ನು ನೀವು ಹಳೆಯ ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿದ್ದೀರಿ. ಆ ನೋಟ್‌ಪ್ಯಾಡ್ ಫೈಲಿನ ತಲೆಗೆ ಬಾಮ್ ಎಂಬ 3 ಬೈಟುಗಳ ಗುರುತನ್ನು ಸೇರಿಸುತ್ತದೆ. ಪರದೆಯಲ್ಲಿ ಅದು ಕಾಣುವುದಿಲ್ಲ, ಆದರೆ ಪಿಎಚ್‌ಪಿಯ ದೃಷ್ಟಿಯಲ್ಲಿ ಆ 3 ಬೈಟುಗಳೇ ಔಟ್‌ಪುಟ್. ಅವು ಹೊರಟ ಮೇಲೆ ಕುಕೀಗೆ ದಾರಿಯಿಲ್ಲ. ನೀವು ಕಳುಹಿಸಿದ ಫೈಲುಗಳಲ್ಲಿ ಕನ್ನಡ ಇರುವ ಮೂರಕ್ಕೂ ಬಾಮ್ ಇದೆ, ಇಂಗ್ಲಿಷ್ ಮಾತ್ರ ಇರುವವಕ್ಕೆ ಇಲ್ಲ. ಮನೆಯಲ್ಲಿ ಇದು ಗೊತ್ತಾಗದಿರಲು ಕಾರಣವೂ ಸ್ಪಷ್ಟ: ಮನೆಯ ಕಂಪ್ಯೂಟರಿನಲ್ಲಿ ಪಿಎಚ್‌ಪಿ ಓಡಿಸುವ ಕ್ಸಾಂಪ್‌ನಲ್ಲಿ ಔಟ್‌ಪುಟ್ ಬಫರಿಂಗ್, ಅಂದರೆ ಕಳುಹಿಸುವ ಮುನ್ನ ತಡೆದಿಡುವ ಜಾಗ, 4096 ಬೈಟು ಇರುತ್ತದೆ, ಆ 3 ಬೈಟುಗಳು ಬಫರಿನಲ್ಲೇ ಕಾಯುತ್ತಿದ್ದವು. ಸರ್ವರಿನಲ್ಲಿ ಬಫರಿಂಗ್ ಇಲ್ಲ, ದೋಷ ತೋರಿಸುವ ವ್ಯವಸ್ಥೆಯೂ ಮುಚ್ಚಿದೆ. ಹಾಗಾಗಿ ಹೆಡರ್ ಆಗಲೇ ಹೋಗಿದೆ ಎಂಬ ಸಂದೇಶ ಎರರ್ ಲಾಗ್‌ನಲ್ಲಿ ಮಾತ್ರ ಬೀಳುತ್ತಿದೆ. ಆ ಸಂದೇಶದಲ್ಲಿ ಔಟ್‌ಪುಟ್ ಶುರುವಾದ ಫೈಲಿನ ಹೆಸರೂ ಸಾಲಿನ ಸಂಖ್ಯೆಯೂ ಇರುತ್ತವೆ, ತೆರೆದು ನೋಡಿ. ಫೈಲುಗಳನ್ನು ಬಾಮ್ ಇಲ್ಲದ ಯುಟಿಎಫ್-8ರಲ್ಲಿ ಮತ್ತೆ ಉಳಿಸಿ. ಸೇರಿಸಿಕೊಳ್ಳುವ ಫೈಲುಗಳ ಕೊನೆಯಲ್ಲಿ ಪಿಎಚ್‌ಪಿ ಮುಚ್ಚುವ ಗುರುತನ್ನೇ ಬರೆಯಬೇಡಿ; ಅದರ ನಂತರ ಉಳಿದುಹೋದ ಖಾಲಿ ಸಾಲುಗಳೂ ಇದೇ ತೊಂದರೆ ಕೊಡುತ್ತವೆ. ಬಫರಿಂಗ್ ಹಾಕಿ ಮುಚ್ಚಿಬಿಡುವುದು ಸುಲಭ, ಆದರೆ ನಾನು ಅದನ್ನು ಒಪ್ಪುವುದಿಲ್ಲ. ಸರ್ವರು ಬದಲಾದ ದಿನ ಅದೇ ಕಷ್ಟ ಮರಳಿ ಬರುತ್ತದೆ.

ಬಟವಾಡೆ ಪಟ್ಟಿ ತೆಗೆಯುವಾಗ ಉಳಿದ ಪುಟಗಳು ನಿಲ್ಲುವುದು ಸೆಷನ್ ಫೈಲಿನ ಬೀಗದಿಂದ. ಒಂದು ರಿಕ್ವೆಸ್ಟ್ ಸೆಷನ್ ಶುರು ಮಾಡಿದೊಡನೆ ಪಿಎಚ್‌ಪಿ ಆ ಫೈಲಿಗೆ ಬೀಗ ಹಾಕುತ್ತದೆ. ಸ್ಕ್ರಿಪ್ಟ್ ಮುಗಿಯುವವರೆಗೆ ಅದೇ ಟೋಕನ್ನಿನ ಬೇರೆ ರಿಕ್ವೆಸ್ಟುಗಳು ಸೆಷನ್ ಶುರುವಾಗುವ ಸಾಲಿನಲ್ಲೇ ಕಾಯುತ್ತವೆ. ಒಬ್ಬರು ಬರೆಯುವಾಗ ಮತ್ತೊಬ್ಬರು ಅದೇ ಫೈಲನ್ನು ಕೆಡಿಸದಿರಲೆಂದು ಮಾಡಿದ ಒಳ್ಳೆಯ ವ್ಯವಸ್ಥೆ ಇದು. ಆದರೆ ನಿಮ್ಮ ಪಟ್ಟಿ ಸಿದ್ಧವಾಗಲು 40 ಸೆಕೆಂಡು ಹಿಡಿದರೆ ಆ 40 ಸೆಕೆಂಡೂ ಆಪರೇಟರು ಹಾಲು ನಮೂದಿಸುವಂತಿಲ್ಲ. ಪಟ್ಟಿಯ ಪುಟದಲ್ಲಿ ಆಪರೇಟರ ಗುರುತನ್ನು ಓದಿಕೊಂಡ ಕೂಡಲೇ ಸೆಷನ್ ರೈಟ್ ಕ್ಲೋಸ್ ಎಂಬ ಫಂಕ್ಷನ್ನನ್ನು ಕರೆಯಿರಿ, ಭಾರವಾದ ಕ್ವೆರಿಗಳನ್ನು ಅದರ ನಂತರ ಓಡಿಸಿ. ಸೆಷನ್‌ಗೆ ಏನನ್ನೂ ಬರೆಯಬೇಕಿಲ್ಲದ ಪುಟಗಳಲ್ಲಿ 7.0ನೇ ಆವೃತ್ತಿಯಿಂದ ದೊರೆಯುವ ರೀಡ್ ಆ್ಯಂಡ್ ಕ್ಲೋಸ್ ಆಯ್ಕೆಯೊಡನೆ ಶುರು ಮಾಡಿದರೆ ಓದಿದ ಮರುಕ್ಷಣವೇ ಬೀಗ ಬಿಡುತ್ತದೆ. ಮುಚ್ಚಿದ ಮೇಲೆ ಸೆಷನ್ ವೇರಿಯಬಲ್‌ಗೆ ಹಾಕಿದ ಮೌಲ್ಯ ಆ ಪುಟದಲ್ಲಿ ಕಾಣುತ್ತದೆ, ಮುಂದಿನ ಪುಟದಲ್ಲಿ ಇರುವುದಿಲ್ಲ ಎಂಬುದು ನೆನಪಿರಲಿ; ಇದನ್ನು ಮರೆತು ವೇರಿಯಬಲ್ ಕಳೆಯಿತೆಂದು ದಿನಗಟ್ಟಲೆ ಹುಡುಕಿದವರನ್ನು ನಾನು ಬಲ್ಲೆ.

ನಿಮ್ಮ ಕೋಡಿನಲ್ಲಿ ಕಂಡ ಕೆಲವು ಸಣ್ಣ ವಿಷಯಗಳನ್ನೂ ಹೇಳಿಬಿಡುತ್ತೇನೆ. ಒಂದು ಕಡೆ ಸದಸ್ಯ ಸಂಖ್ಯೆಯನ್ನೇ ಸೆಷನ್‌ನ ಮೇಲ್ಮಟ್ಟದ ಕೀ ಮಾಡಿ ಮೌಲ್ಯ ಇಟ್ಟಿದ್ದೀರಿ. ಸೆಷನ್ ಮೌಲ್ಯಗಳನ್ನು ಫೈಲಿಗೆ ಬರೆಯುವ ಪಿಎಚ್‌ಪಿಯ ಪೂರ್ವನಿಗದಿತ ಸೀರಿಯಲೈಸರ್ ಬರೀ ಅಂಕಿಯ ಕೀಗಳನ್ನು ಉಳಿಸುವುದಿಲ್ಲ, ಬಿಟ್ಟುಬಿಡುತ್ತದೆ. ಪಶು ಆಹಾರ ಮಾರಾಟದ ಇನ್ನೊಂದು ತಂತ್ರಾಂಶವೂ ಅದೇ ಡೊಮೈನಿನಲ್ಲಿದ್ದು ಎರಡರಲ್ಲೂ ಯೂಸರ್ ಎಂಬ ಒಂದೇ ಕೀ ಇದೆ; ಹಾಗಿರುವಾಗ ಅಲ್ಲಿ ಲಾಗಿನ್ ಆದವರು ಇಲ್ಲಿಗೂ ಬಂದುಬಿಡುತ್ತಾರೆ. ಎರಡಕ್ಕೂ ಬೇರೆ ಬೇರೆ ಸೆಷನ್ ಹೆಸರು ಮತ್ತು ಬೇರೆ ಫೋಲ್ಡರು ಕೊಡಿ. ಸೆಷನ್ ರಿಜಿಸ್ಟರ್ ಎಂಬ ಫಂಕ್ಷನ್ನು ಹಳೆಯ ಪುಸ್ತಕದಿಂದ ಬಂದಿರಬೇಕು, ಅದನ್ನು 2012ರಲ್ಲಿ ಬಂದ 5.4ನೇ ಆವೃತ್ತಿಯಲ್ಲೇ ತೆಗೆದುಹಾಕಲಾಗಿದೆ. ವಿಳಾಸದಲ್ಲಿ ಡಬ್ಲ್ಯುಡಬ್ಲ್ಯುಡಬ್ಲ್ಯು ಹಾಕಿ ಬಂದವರಿಗೂ ಹಾಕದೆ ಬಂದವರಿಗೂ ಬೇರೆ ಬೇರೆ ಕುಕೀ ಸಿಗುತ್ತದೆ, ಆದ್ದರಿಂದ ಎಲ್ಲರನ್ನೂ ಒಂದೇ ವಿಳಾಸಕ್ಕೆ ತಿರುಗಿಸಿ.

ಟೋಕನ್ ಕದ್ದವರು ಆಪರೇಟರೇ ಆಗಿಬಿಡುತ್ತಾರೆ. ಕುಕೀಗೆ ಪುಟದ ಸ್ಕ್ರಿಪ್ಟುಗಳಿಂದ ಅದನ್ನು ಮರೆಮಾಡುವ ಎಚ್‌ಟಿಟಿಪಿ ಓನ್ಲಿ, ಎಚ್‌ಟಿಟಿಪಿಎಸ್ ಸಂಪರ್ಕದಲ್ಲಿ ಮಾತ್ರ ಕಳುಹಿಸುವ ಸೆಕ್ಯೂರ್, ಬೇರೆ ತಾಣದಿಂದ ಹೊರಟ ರಿಕ್ವೆಸ್ಟಿನ ಜೊತೆ ಹೋಗದಂತೆ ತಡೆಯುವ ಸೇಮ್‌ಸೈಟ್ ಎಂಬ ಮೂರು ಗುಣಗಳನ್ನೂ ಹಾಕಿ. ಸರ್ವರು ತಾನೇ ಕೊಡದ ಸೆಷನ್ ಐಡಿಯನ್ನು ಒಪ್ಪದ ಸ್ಟ್ರಿಕ್ಟ್ ಮೋಡ್ ಅನ್ನು ಚಾಲೂ ಮಾಡಿ, ಅದು ತಾನಾಗಿ ಚಾಲೂ ಇರುವುದಿಲ್ಲ. ಗುಪ್ತಪದ ಸರಿಯಾದ ಕ್ಷಣದಲ್ಲಿ ಸೆಷನ್ ಐಡಿಯನ್ನು ಒಂದು ಸಲ ಬದಲಿಸಿ. ನೀವು ಸುರಕ್ಷತೆಗೆಂದು ಪ್ರತಿ ಪುಟದಲ್ಲೂ ಐಡಿ ಬದಲಿಸಿ ಹಳೆಯದನ್ನು ಅಳಿಸುತ್ತಿದ್ದೀರಿ. ನೆಟ್‌ವರ್ಕ್ ಕಡಿದು ಹೊಸ ಐಡಿ ಇರುವ ಉತ್ತರ ಬ್ರೌಸರಿಗೆ ತಲುಪದಿದ್ದರೆ ಆಪರೇಟರ ಕೈಯಲ್ಲಿ ಉಳಿಯುವುದು ಅಳಿಸಿಹೋದ ಟೋಕನ್. ನಡುನಡುವೆ ಹೊರಬೀಳುವುದಕ್ಕೆ ಇದೂ ಒಂದು ಕಾರಣ, ನಿಮ್ಮ ಊರಿನ ನೆಟ್‌ವರ್ಕಿನಲ್ಲಿ ಬಹುಶಃ ಮುಖ್ಯ ಕಾರಣ. ಬೆಳಗಿನ ಆಪರೇಟರು ಮತ್ತು ಸಂಜೆಯ ಆಪರೇಟರು ಒಂದೇ ಕಂಪ್ಯೂಟರ್ ಬಳಸುವುದರಿಂದ ಲಾಗ್‌ಔಟ್ ಪೂರ್ಣವಾಗಿರಬೇಕು: ಸೆಷನ್ ಮೌಲ್ಯಗಳನ್ನು ಬರಿದು ಮಾಡಿ, ಕುಕೀಯ ಅವಧಿ ಮುಗಿಸಿ, ಆಮೇಲೆ ಸೆಷನ್ ಡೆಸ್ಟ್ರಾಯ್ ಕರೆಯಿರಿ. ಕೊನೆಯದೊಂದನ್ನೇ ಕರೆದರೆ ಬ್ರೌಸರಿನಲ್ಲಿ ಕುಕೀ ಹಾಗೆಯೇ ಉಳಿಯುತ್ತದೆ.

ಈಗಾಗಲೇ ತಪ್ಪಾಗಿರುವ ಲೆಕ್ಕವನ್ನು ಮುಂದಿನ ಬಟವಾಡೆಗೆ ಮೊದಲು ಸರಿಪಡಿಸಬೇಕು. 0 ಸಂಖ್ಯೆಯ ಸಾಲುಗಳನ್ನು ಅಳಿಸಬೇಡಿ. ಟೇಬಲಿನ ಒಂದು ಪ್ರತಿ ತೆಗೆದಿಟ್ಟುಕೊಂಡು, ಆ ಸಾಲುಗಳ ದಿನಾಂಕ, ಗಂಟೆ, ಲೀಟರು, ಫ್ಯಾಟನ್ನು ಮುದ್ರಿಸಿ, ಅದೇ ಹೊತ್ತಿನಲ್ಲಿ ಹಾಲು ಹಾಕುವ ರೂಢಿಯಿದ್ದೂ ಆ ದಿನ ನಮೂದಿಲ್ಲದ ಸದಸ್ಯರ ಪಟ್ಟಿಯೊಡನೆ ಕಾರ್ಯದರ್ಶಿಯವರ ಮುಂದೆ ಇಡಿ. ಸದಸ್ಯರ ಕೈಯಲ್ಲಿ ಚೀಟಿ ಇರುವ ಕಡೆ ಅಂಕಿಗಳು ನೇರವಾಗಿ ತಾಳೆಯಾಗುತ್ತವೆ. ಅದಲುಬದಲಾದ ನಮೂದುಗಳನ್ನು ಹುಡುಕಲು, ಒಬ್ಬ ಸದಸ್ಯರಿಗೆ ಒಂದೇ ಹೊತ್ತಿನಲ್ಲಿ ಎರಡು ನಮೂದಿರುವ ಸಾಲುಗಳನ್ನು ಮೊದಲು ತೆಗೆಯಿರಿ. 87ರ ಖಾತೆಯಲ್ಲಿ ಹೆಚ್ಚಾದ ಐದೂವರೆ ಲೀಟರು ಅಲ್ಲೇ ಸಿಗುತ್ತದೆ. ತಿದ್ದಿದ ಪ್ರತಿ ಸಾಲಿನಲ್ಲೂ ಹಳೆಯ ಸಂಖ್ಯೆ, ಹೊಸ ಸಂಖ್ಯೆ, ತಿದ್ದಿದವರು, ದಿನಾಂಕ ಇವನ್ನು ಬೇರೆ ಟೇಬಲಿನಲ್ಲಿ ಬರೆದಿಡಿ. ಹೊಸ ಕೋಡನ್ನು ಸಂಘಕ್ಕೆ ಹಾಕುವ ಮುನ್ನ ಎರಡು ಟ್ಯಾಬುಗಳಲ್ಲಿ ಇಬ್ಬರು ಸದಸ್ಯರ ಪುಟ ತೆರೆದು, ಮೊದಲು ತೆರೆದದ್ದನ್ನು ಕೊನೆಗೆ ಉಳಿಸಿ ನೋಡಿ. ನಂತರ ಸರ್ವರಿನ ಸೆಷನ್ ಫೈಲನ್ನು ಕೈಯಿಂದಲೇ ಅಳಿಸಿ ಮತ್ತೆ ಗುಂಡಿ ಒತ್ತಿ. ಮೊದಲನೆಯದರಲ್ಲಿ ಹಾಲು ಸರಿಯಾದವರ ಖಾತೆಗೆ ಹೋಗಿ, ಎರಡನೆಯದರಲ್ಲಿ ಟೇಬಲಿಗೆ ಒಂದೂ ಸಾಲು ಸೇರದೆ ಲಾಗಿನ್ ಪುಟ ಬಂದರೆ ಮಾತ್ರ ಆಪರೇಟರಿಗೆ ಒಪ್ಪಿಸಿ.